ಬಲಗೈಯ ಪರೀಕ್ಷೆ

ನನ್ನ ಬುದ್ಧಿ ಎಷ್ಟು ಎಂದು ಅಳೆದು ಬರೆದ ಕಾಗದವೊಂದು ಬಹಳ ವರ್ಷ ನಮ್ಮ ಮನೆಯಲ್ಲಿತ್ತು. ಸೋದರಮಾವ ಅದನ್ನು ಭೂಮಿಯ ಪಟ್ಟೆಗಳ ಜೊತೆ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ಮನೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಅದರಲ್ಲಿ ಏನಿದೆ ಎಂಬುದು ದನದ ಹಟ್ಟಿ ಗುಡಿಸುವ ಹೆಂಗಸಿಗೂ ಗೊತ್ತಿತ್ತು. ಅವಳು ನನ್ನೊಡನೆ ಮಾತನಾಡುವಾಗ ದನಿ ಎತ್ತರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದಳು. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳುತ್ತೇನೆ. ನಾನು ಹುಟ್ಟಾ ಎಡಚಿ. ಅನ್ನಕ್ಕೆ ಕೈ ಹಾಕುವ ವಯಸ್ಸಿನಲ್ಲೇ ಅಮ್ಮನಿಗೆ ಇದು ಗೊತ್ತಾಗಿತ್ತು. ಐವತ್ತರ ದಶಕದ ಮಾತು ಅದು. ಎಡಗೈ ಮಗು ಎಂದರೆ ಬೆನ್ನಿಗೆ ಬಾಲ ಇರುವ ಮಗು ಇದ್ದ ಹಾಗೆ. ಊಟಕ್ಕೆ ಕೂರುವಾಗ ಅಮ್ಮ ನನ್ನ ಎಡಗೈಯನ್ನು ಹಳೆಯ ರಿಬ್ಬನ್ನಿನಿಂದ ಲಂಗದ ಸೊಂಟಕ್ಕೆ ಕಟ್ಟುತ್ತಿದ್ದಳು. ಒಂದನೇ ಕ್ಲಾಸಿನ ಮಾಸ್ತರರು ಆ ಕೈಯ ಗೆಣ್ಣುಗಳಿಗೆ ರೂಲು ದೊಣ್ಣೆಯಿಂದ ಹೊಡೆದರು. ಹೀಗೆ ಎರಡು ಕಡೆಯ ಉಪಚಾರದಿಂದ ನಾನು ಬಲಗೈಯಲ್ಲಿ ಉಣ್ಣಲು ಕಲಿತೆ, ಬಲಗೈಯಲ್ಲಿ ಬರೆಯಲೂ ಕಲಿತೆ. ಬರವಣಿಗೆ ಕೋಳಿ ಕೆದರಿದಂತೆ ಇರುತ್ತಿತ್ತು. ಯಾರೂ ನೋಡದಾಗ ಮಲ್ಲಿಗೆ ಕಟ್ಟುವುದು, ಮಾವಿನಕಾಯಿಗೆ ಕಲ್ಲು ಬೀಸುವುದು, ತರಕಾರಿ ಹೆಚ್ಚುವುದು ಎಲ್ಲ ಎಡಗೈಯಲ್ಲೇ. ಮನೆಯವರು ಕಂಡೂ ಕಾಣದ ಹಾಗೆ ಇರುತ್ತಿದ್ದರು.

ನಮ್ಮ ಮನೆ ಬಂಟ್ವಾಳ ಪೇಟೆಯಿಂದ ಎರಡು ಮೈಲಿ ಒಳಗೆ. ನಮ್ಮದು ತಾಯಿಯ ಕಡೆಯಿಂದ ಕುಟುಂಬ ನಡೆಯುವ ಕ್ರಮವಾದ್ದರಿಂದ ಮನೆಯ ಯಜಮಾನರು ಅಮ್ಮನ ಅಣ್ಣ. ತಂದೆ ತಮ್ಮ ಮನೆಯಲ್ಲಿದ್ದು ಆಗಾಗ ಬಂದು ಹೋಗುವವರು. ಒಳ್ಳೆಯವರು, ಆದರೆ ಅವರ ಮಾತಿಗೆ ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಮಾವ ಕೆಟ್ಟವರೂ ಅಲ್ಲ, ಗಟ್ಟಿಯಾಗಿ ಮಾತನಾಡಿದವರೂ ಅಲ್ಲ. ಅವರು ಒಮ್ಮೆ ಹೇಳಿದ ಮೇಲೆ ಇನ್ನೊಬ್ಬರು ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ, ಅಷ್ಟೇ. ಮನೆಯಲ್ಲಿ ನಾನು, ನನಗಿಂತ ಆರು ವರ್ಷ ದೊಡ್ಡ ಅಕ್ಕ, ಅಮ್ಮ.

ನನಗೆ ಹನ್ನೆರಡು ತುಂಬಿದ ವರ್ಷ ಅಕ್ಕನನ್ನು ನೋಡಲು ಬೆಳ್ತಂಗಡಿ ಕಡೆಯ ದೊಡ್ಡ ಮನೆತನದವರು ಬಂದರು. ವೀಳ್ಯದ ತಟ್ಟೆ ಕೊಡುವ ಕೆಲಸ ನನಗೆ ಬಂತು. ಚಾವಡಿಯ ತುಂಬ ಗಂಡಸರು, ನನಗೆ ಗಾಬರಿ. ಹುಡುಗನ ಸೋದರಮಾವನ ಎದುರು ತಟ್ಟೆ ಹಿಡಿದೆ. ಅವರು ಕೈ ಮುಂದೆ ಮಾಡಿದವರು ಹಾಗೆಯೇ ಹಿಂದಕ್ಕೆ ಎಳೆದುಕೊಂಡರು. ಆಗ ನೋಡುತ್ತೇನೆ, ತಟ್ಟೆ ಎಡಗೈಯಲ್ಲಿ! ಹಿರಿಯರಿಗೆ ಎಡಗೈಯಲ್ಲಿ ಕೊಡುವುದು ಎಂದರೆ ಮುಖಕ್ಕೆ ಉಗಿದ ಹಾಗೆ. ನಮ್ಮ ಮಾವ ನಕ್ಕು, "ಹುಡುಗಿಗೆ ಹೆದರಿಕೆ ಆಗಿದೆ" ಎಂದು ತಾವೇ ತಟ್ಟೆ ತೆಗೆದುಕೊಟ್ಟರು. ಸಂಬಂಧ ಮುರಿಯಲಿಲ್ಲ. ಆದರೆ "ನೋಡುವ, ತಿಳಿಸುತ್ತೇವೆ" ಎಂದು ಹೋದವರು ಬಹಳ ದಿನ ತಿಳಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಮೀಯಿಸಿ ದೇವರ ಕೋಣೆಗೆ ಕರೆದುಕೊಂಡು ಹೋದಳು. ಅಳುತ್ತಲೇ ದೀಪ ಹಚ್ಚಿದಳು. "ಇನ್ನು ಹೊರಗಿನವರ ಎದುರು ಎಡಗೈ ಮುಂದೆ ಮಾಡುವುದಿಲ್ಲ, ಧರ್ಮಸ್ಥಳದ ಆಣೆ. ಹೇಳು" ಎಂದಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ದೇವರ ಆಣೆ ಹಾಕಿ ಸುಳ್ಳು ಹೇಳಿದವರುಂಟು. ಧರ್ಮಸ್ಥಳದ ಆಣೆ ಹಾಕಿ ತಪ್ಪಿದವರನ್ನು ನಾನು ಕಂಡಿಲ್ಲ. ಆ ಆಣೆ ಬಿಡಿಸಬೇಕಾದರೂ ಹಾಕಿಸಿದವರು, ಹಾಕಿದವರು ಇಬ್ಬರೂ ಒಟ್ಟಿಗೆ ಅಲ್ಲಿಗೇ ಹೋಗಿ, ಸ್ವಾಮಿಯ ಎದುರು ನಿಂತು, ಕಾಣಿಕೆ ಹಾಕಿ ಕೇಳಿಕೊಳ್ಳಬೇಕು ಎಂಬುದು ನಂಬಿಕೆ. ಒಬ್ಬರೇ ಹೋದರೆ ಆಗುವುದಿಲ್ಲ. ನಾನು ಆಣೆ ಹಾಕಿದೆ. ಹನ್ನೆರಡು ವರ್ಷದ ಹುಡುಗಿಗೆ ಅಮ್ಮನ ಅಳು ನಿಂತರೆ ಸಾಕಾಗಿತ್ತು.

ಆ ಮಳೆಗಾಲದಲ್ಲೇ ನನಗೆ ಇನ್ನೊಂದು ಶುರುವಾಯಿತು. ಬಂಟ್ವಾಳದ ಹೈಸ್ಕೂಲಿನಲ್ಲಿ ಪಾಠ ಬರೆದುಕೊಳ್ಳುತ್ತಿದ್ದಂತೆ ಲೇಖನಿ ನಿಲ್ಲುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತಂತೆ. ನನಗೆ ಏನೂ ಗೊತ್ತಾಗುತ್ತಿರಲಿಲ್ಲ; ಮತ್ತೆ ನೋಡಿದರೆ ಮಾಸ್ತರರು ಎರಡು ವಾಕ್ಯ ಮುಂದೆ ಹೋಗಿರುತ್ತಿದ್ದರು. ಕನಸು ಕಾಣುತ್ತಾಳೆ ಎಂದು ಬೈಸಿಕೊಂಡೆ. ಒಂದು ದಿನ ಶಾಲೆಯ ಮೆಟ್ಟಿಲಲ್ಲಿ ಬಿದ್ದು, ಕೈಕಾಲು ಸೆಟೆದು, ನಾಲಿಗೆ ಕಚ್ಚಿಕೊಂಡೆ. ಹೆಡ್ಮಾಸ್ತರರು ಮಾವನನ್ನು ಕರೆಸಿದರು. ಮಾವ "ಪಿತ್ತ" ಎಂದರು.

"ಪಿತ್ತವೋ ವಾತವೋ, ಡಾಕ್ಟರರು ಬರೆದು ಕೊಡಲಿ" ಎಂದರು ಹೆಡ್ಮಾಸ್ತರರು. "ತಲೆಗೆ ತೊಂದರೆ ಇಲ್ಲ, ಓದು ಆಗ್ತದೆ ಅಂತ ಕಾಗದ ತನ್ನಿ. ನಾಳೆ ಬಾವಿಕಟ್ಟೆಯಲ್ಲಿ ಬಿದ್ದರೆ ನಾನು ಯಾರಿಗೆ ಜವಾಬು ಹೇಳಲಿ?"

ನನಗೆ ಓದುವ ಹುಚ್ಚು ಇತ್ತು. ಮುದ್ದಾಗಿ ಹೇಳುವುದಲ್ಲ, ಹುಚ್ಚೇ. ಬೆಲ್ಲ ಕಟ್ಟಿ ತಂದ ಪತ್ರಿಕೆಯ ಹರಕನ್ನೂ ಬಿಡದೆ ಓದುತ್ತಿದ್ದೆ. ಟ್ರೈನಿಂಗ್ ಮಾಡಿ ಟೀಚರ್ ಆಗಬೇಕು, ನನ್ನದೇ ಒಂದು ಕ್ಲಾಸು ಇರಬೇಕು, ಅದರಲ್ಲಿ ಯಾರ ಕೈಗೂ ಹೊಡೆಯಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ಅದೆಲ್ಲ ಈಗ ಆ ಒಂದು ಕಾಗದದ ಮೇಲೆ ನಿಂತಿತು.

ತಲೆಯ ಕಾಯಿಲೆ ತಿಳಿದ ಡಾಕ್ಟರರೊಬ್ಬರು ತಿಂಗಳಿಗೊಮ್ಮೆ ಮಂಗಳೂರಿನಿಂದ ಮೂಡುಬಿದಿರೆಗೆ ಬರುತ್ತಿದ್ದರು. ಬಸದಿಯೊಂದರ ಹಿಂದಿನ ಓಣಿಯಲ್ಲಿ, ಹಳೆಯ ಮನೆಯೊಂದರ ಜಗಲಿಯಲ್ಲಿ ರೋಗಿಗಳು ಕಾಯಬೇಕು. ನೆರೆಯವರಿಗೆ ಬಸದಿ ನೋಡಲು ಹೋಗುತ್ತೇವೆ ಎಂದು ಹೇಳಿ ಹೊರಟೆವು. ಅಮ್ಮ ಹಿಂದಿನ ದಿನವೇ ಪೊಳಲಿಯ ದೇವಿಗೆ ಹರಕೆ ಹೊತ್ತಿದ್ದಳು. ಮಾವ ಮುಂದೆ, ನಾವು ಹಿಂದೆ.

ಡಾಕ್ಟರರು ನನ್ನ ಕಣ್ಣಿಗೆ ಬೆಳಕು ಬಿಟ್ಟು, ಮೊಣಕಾಲಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿ, ದಿನಕ್ಕೆರಡು ಬಿಳಿ ಮಾತ್ರೆ ಬರೆದರು. ಬುದ್ಧಿಯ ಪರೀಕ್ಷೆ ಮಾಡುವವರು ಬೇರೆ ಇದ್ದರು. ಮೈಸೂರು ಕಡೆಯ ಹೆಂಗಸು, ವಯಸ್ಸು ಮೂವತ್ತರ ಒಳಗೆ, ಬಿಳಿ ಸೀರೆ, ಎಡ ಮುಂಗೈಗೆ ಗಂಡಸರ ಗಡಿಯಾರ. "ಹೆದರ್ಕೋಬೇಡಮ್ಮ, ಸೂಜಿ ಏನೂ ಚುಚ್ಚೋದಿಲ್ಲ ನಾನು. ಆಟ ಆಡೋಣ" ಎಂದರು. ನನಗೆ ಅವರು ನೋಡಿದ ಕೂಡಲೇ ಇಷ್ಟವಾದರು. ಕೆಲಸಕ್ಕೆ ಹೋಗುವ ಹೆಂಗಸನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಕೋಣೆಯಲ್ಲಿ ಒಂದು ಮೇಜು. ಈ ಕಡೆ ನಾನು, ಆ ಕಡೆ ಅವರು. ಗೋಡೆಯ ಬದಿಗೆ ಕುರ್ಚಿಯಲ್ಲಿ ಮಾವ, ಬಾಗಿಲ ಹತ್ತಿರ ನಿಂತು ಅಮ್ಮ. ಅವರು ಕೆಲವು ಅಂಕಿ ಹೇಳಿ ಹಿಂದುಮುಂದಾಗಿ ಹೇಳು ಎಂದರು. ಹೇಳಿದೆ. ಕತೆಯೊಂದನ್ನು ಓದಿ ತಿರುಗಿ ಹೇಳು ಎಂದರು. ಅಕ್ಷರ ಬಿಡದೆ ಹೇಳಿದೆ. "ಭೇಷ್" ಎಂದು ಬರೆದುಕೊಂಡರು. ಅಲ್ಲಿಯವರೆಗೆ ನಾನು ಗೆದ್ದೇ ಬಿಟ್ಟೆ ಎಂದುಕೊಂಡಿದ್ದೆ.

ಆಮೇಲೆ ಕೈಕೆಲಸ ಬಂತು. ಚಂದ್ರ, ನಕ್ಷತ್ರ, ಚೌಕದ ಆಕಾರದಲ್ಲಿ ಕೊರೆದ ಹಲಗೆ. ಅದಕ್ಕೆ ಸರಿಯಾದ ಮರದ ತುಂಡುಗಳನ್ನು ಬೇಗ ಬೇಗ ಕೂರಿಸಬೇಕು. ಕೆಂಪು ಬಿಳಿ ಬಣ್ಣದ ಮರದ ಗಟ್ಟಿಗಳನ್ನು ಜೋಡಿಸಿ ಚೀಟಿಯಲ್ಲಿರುವ ಚಿತ್ರ ಮಾಡಬೇಕು. ಅವರು ಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಯಾವ ತುಂಡು ಎಲ್ಲಿಗೆ ಎಂಬುದು ನೋಡಿದ ಗಳಿಗೆಯಲ್ಲೇ ನನಗೆ ತಿಳಿಯಿತು. ಮಾಡಲಿಕ್ಕೆ ಇದ್ದದ್ದು ಬಲಗೈ. ಅದು ಬೇರೆಯವರ ಅಡುಗೆಮನೆಗೆ ಹೋದ ನೆಂಟಳ ಹಾಗೆ, ಉಪ್ಪು ಎಲ್ಲಿದೆ ಎಂದು ಹುಡುಕುತ್ತಾ ನಿಂತಿತು. ಮೇಜಿನ ಕೆಳಗೆ ಎಡಗೈಯ ಬೆರಳುಗಳು ಲಂಗದ ಮೇಲೆ ಅದೇ ಚಿತ್ರವನ್ನು ಮೂರು ಸಲ ಜೋಡಿಸಿ ಮುಗಿಸಿದ್ದವು. ಒಂದು ತುಂಡು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿದ್ದೂ ಬಲಗೈಯಲ್ಲೇ.

ಕೊನೆಗೆ ಒತ್ತಿದರೆ ಟಕ್ ಎನ್ನುವ ಸಣ್ಣ ಯಂತ್ರ ತಂದಿಟ್ಟರು. ತೋರುಬೆರಳಿನಿಂದ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಒತ್ತಬೇಕು. ಬಲಗೈ ಮುದುಕಿಯ ಕೆಮ್ಮಿನ ಹಾಗೆ ನಿಂತು ನಿಂತು ಒತ್ತಿತು.

"ಈಗ ಎಡಗೈ" ಎಂದರು.

ನಾನು ಆ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ. ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗನ್ನು ಬಾಯಿಗೆ ಹಿಡಿದಿದ್ದಳು.

"ಅದು ಬೇಡ" ಎಂದರು ಮಾವ. "ನಮ್ಮಲ್ಲಿ ದೊಡ್ಡವರ ಎದುರು ಎಡಗೈ ಮುಂದೆ ಮಾಡುವ ಕ್ರಮ ಇಲ್ಲ."

"ಇದು ಪರೀಕ್ಷೆ ಅಲ್ವಾ ಸ್ವಾಮಿ?"

"ಪರೀಕ್ಷೆಗೂ ಒಂದು ಮರ್ಯಾದೆ ಉಂಟಲ್ಲ."

ಆಕೆ ನಗಲಿಲ್ಲ. "ಮನೇಲಿ ಯಾವ ಕೈ ಬಳಸ್ತಾಳೆ ಇವಳು? ಹುಟ್ಟಿದಾಗಿಂದ?"

"ಮತ್ತೆ ಯಾವುದು? ಬಲಗೈ. ನಮ್ಮ ಮನೆಯಲ್ಲಿ ಎಲ್ಲರೂ ಬಲಗೈಯವರೇ" ಎಂದರು ಮಾವ. ಬೆಳ್ತಂಗಡಿಯವರ ಸಂಬಂಧಿಕರು ಮೂಡುಬಿದಿರೆಯಲ್ಲೂ ಇದ್ದರು. ಊರ ಬಾಯಿಗೆ ಮುಚ್ಚಳ ಇಲ್ಲ ಎಂಬುದು ಮಾವನಿಗೆ ಗೊತ್ತು.

ಆಕೆ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ತಮ್ಮ ಎರಡು ತೋಳುಗಳನ್ನು ಎದೆಯ ಮೇಲೆ ಅಡ್ಡಡ್ಡ ಹಿಡಿದು, ತಲೆಯ ಎಡಭಾಗ ಬಲಗೈಯನ್ನು ಆಡಿಸುತ್ತದೆ, ಬಲಭಾಗ ಎಡಗೈಯನ್ನು, ಎಂದು ನನಗೇ ವಿವರಿಸಿದರು. ಬಲಗೈಯವಳ ಬಲಗೈ ಇಷ್ಟು ನಿಧಾನವಾದರೆ ಒಳಗೆ ಎಡಗಡೆ ಪೆಟ್ಟಾಗಿದೆ ಎಂದೇ ಬರೆಯಬೇಕಾಗುತ್ತದೆಯಂತೆ. "ಆದ್ರೆ ನಿನ್ನ ಮಾತು, ನೆನಪು ನೋಡಿದ್ರೆ ಹಾಗೆ ಅನ್ಸಲ್ಲ. ಏನೋ ಒಂದು ಸರಿಹೋಗ್ತಿಲ್ಲ. ಮೂರು ತಿಂಗಳು ಬಿಟ್ಟು ಬಾ, ಆಮೇಲೆ ಬರೀತೀನಿ" ಎಂದರು. ಸರಿಹೋಗದೆ ಇದ್ದದ್ದು ನನ್ನ ತೊಡೆಯ ಕೆಳಗೆ ಜೋಮು ಹಿಡಿದು ಕೂತಿತ್ತು.

ಆ ಮೂರು ತಿಂಗಳು ಅಮ್ಮನನ್ನು ಗೋಳುಹೊಯ್ದುಕೊಂಡೆ. ಭತ್ತ ಕುಟ್ಟುವಲ್ಲಿ, ಬಟ್ಟೆ ಒಗೆಯುವಲ್ಲಿ, ಎಲ್ಲೆಂದರಲ್ಲಿ. "ಧರ್ಮಸ್ಥಳಕ್ಕೆ ಹೋಗುವ, ಅಮ್ಮ. ಆಣೆ ಬಿಡಿಸಿಕೊಂಡು ಬರುವ. ಒಂದೇ ದಿನದ ಕೆಲಸ ಅಲ್ವಾ?"

"ಅಣ್ಣನಿಗೆ ಏನಂತ ಹೇಳಲಿ? ಬೆಳ್ತಂಗಡಿ ದಾಟಿಯೇ ಹೋಗಬೇಕು. ಯಾಕೆ ಬಂದಿರಿ ಅಂತ ಅವರು ಕೇಳಿದರೆ?"

"ನನಗೆ ತಲೆ ಸರಿ ಇಲ್ಲ ಅಂತ ಬರೆಯುತ್ತಾರೆ!"

"ಹೆಣ್ಣಿಗೆ ಬುದ್ಧಿ ಸ್ವಲ್ಪ ಕಡಿಮೆ ಇದ್ದರೆ ಯಾರೂ ಸಂಬಂಧ ಬಿಡುವುದಿಲ್ಲ ಮಗಾ. ಎಡಗೈಯಲ್ಲಿ ಬಡಿಸಿದರೆ ಬಿಡ್ತಾರೆ. ತಂಗಿ ಎಡಚಿ ಆದರೆ ಅಕ್ಕನ ಮಕ್ಕಳೂ ಎಡಚರು ಅಂತಾರೆ." ಹೇಳಿ ಅಮ್ಮ ಅತ್ತಳು. ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆದರೆ ಅವಳು ಹೇಳಿದ್ದು ಸುಳ್ಳೂ ಅಲ್ಲ. ನಮ್ಮ ಸೀಮೆಯಲ್ಲಿ ಹಾಗೆಯೇ ಇತ್ತು. ಆಣೆ ಮುರಿದರೆ ಅಕ್ಕನಿಗೇ ಏನಾದರೂ ಆದೀತೆಂದು ನನಗೂ ಹೆದರಿಕೆ. ಮುರಿಯದಿದ್ದರೆ ಶಾಲೆ ಹೋಯಿತು. ಅತ್ತ ದರಿ, ಇತ್ತ ಪುಲಿ. ಮಾತ್ರೆಯ ಮಂಪರು ಬೇರೆ. ಯೋಚನೆ ಅರ್ಧಕ್ಕೇ ತೂಕಡಿಸುತ್ತಿತ್ತು.

ಎರಡನೇ ಸಲ ಹೋದಾಗ ಆಕೆ ಮಾವನನ್ನು ನಯವಾಗಿ ಹೊರಗೆ ಕೂರಿಸಿದರು. ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಬಾಗಿಲು ಹಾಕಿ, ಮೇಜಿನ ಮೇಲೆ ಏನನ್ನೂ ಇಡದೆ, ಅಮ್ಮನನ್ನು ಎದುರಿಗೆ ಕೂರಿಸಿಕೊಂಡರು.

"ನಿಜ ಹೇಳಿಮ್ಮಾ. ಇವಳು ಹುಟ್ಟಾ ಎಡಗೈಯವಳಾ? ಹಾಗಿದ್ರೆ ನಾನು ಬರಿಯೋದೇ ಬೇರೆ. ಇವಳ ತಲೆಗೆ ಏನೂ ಆಗಿಲ್ಲ ಅಂತ ಬರೀತೀನಿ. ಫಿಟ್ಸ್ ಇದೆ, ಮಾತ್ರೇಲಿ ನಿಲ್ಲುತ್ತೆ, ಓದಲಿ ಅಂತ ಬರೀತೀನಿ. ಹೊರಗೆ ಯಾರಿಗೂ ನಾನು ಹೇಳೋದಿಲ್ಲ."

ಕಿಟಕಿಯ ಮರದ ಸರಳುಗಳ ಆಚೆ ಯಾರೋ ತೆಂಗಿನ ಗರಿ ಎಳೆದುಕೊಂಡು ಹೋಗುವ ಸದ್ದು. ಅಮ್ಮ ನೆಲ ನೋಡುತ್ತಾ ಹೇಳಿದಳು:

"ಅವಳನ್ನೇ ಕೇಳಿ."

ಆಕೆ ನನ್ನ ಕಡೆ ತಿರುಗಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಲೆ ಎತ್ತಲಿಲ್ಲ. ಇದು ನನ್ನನ್ನು ಪರೀಕ್ಷೆ ಮಾಡುವುದು ಎಂದುಕೊಂಡೆ. ಆಣೆ ನೆನಪುಂಟಾ ಎಂದು ಅಮ್ಮ ಕೇಳುತ್ತಿದ್ದಾಳೆ, ಮರ್ಯಾದೆ ಉಳಿಸುತ್ತೀಯಾ ಎಂದು ಕೇಳುತ್ತಿದ್ದಾಳೆ. ಅಮ್ಮನಿಗೇ ನಿಜ ಹೇಳುವ ಧೈರ್ಯ ಇಲ್ಲದಾಗ ನಾನು ಅವಳನ್ನು ಬಿಟ್ಟುಕೊಡುವುದು ಹೇಗೆ?

"ಬಲಗೈ" ಎಂದೆ.

ಆಕೆ ಪುನಃ ಕೇಳಿದರು. ಪುನಃ ಹಾಗೆಯೇ ಹೇಳಿದೆ. ಅವರು ನಿಟ್ಟುಸಿರುಬಿಟ್ಟು ಹಲಗೆ, ಗಟ್ಟಿ, ಯಂತ್ರ ಎಲ್ಲವನ್ನೂ ಮತ್ತೆ ಹೊರಗೆ ತೆಗೆದರು. ನಾನು ಮತ್ತೆ ಬಲಗೈಯಲ್ಲಿ ಸೋತೆ. ಈ ಸಲ ಮಾತ್ರೆಯ ಮಂಪರಿನಲ್ಲಿ ಅಂಕಿಗಳೂ ತಪ್ಪಿದವು.

ಕಾಗದ ಅಂಚೆಯಲ್ಲಿ ಬಂತು. ಹೆಡ್ಮಾಸ್ತರರು ಅದನ್ನು ಓದಿ ಕನ್ನಡದಲ್ಲಿ ಹೇಳಿದರು: ಮೆದುಳಿನ ಎಡಭಾಗಕ್ಕೆ ಊನ ಇರುವಂತೆ ತೋರುತ್ತದೆ, ಗ್ರಹಿಕೆ ವಯಸ್ಸಿಗೆ ತಕ್ಕಷ್ಟಿಲ್ಲ, ಹೈಸ್ಕೂಲಿನ ಓದು ಭಾರವಾಗಬಹುದು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ನಾಲ್ಕಕ್ಷರ ಕಲಿತಿದ್ದಾಳಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ" ಎಂದು ಮಾವನಿಗೆ ಸಮಾಧಾನ ಹೇಳಿದರು. ನನಗೆ ಯಾರೂ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ.

ಆಮೇಲಿನ ಏಳು ವರ್ಷ ನಾನು ಮನೆಯಲ್ಲಿದ್ದೆ. ಕೈಗೆ ಕತ್ತಿ ಕೊಡುತ್ತಿರಲಿಲ್ಲ. ಒಲೆಯ ಹತ್ತಿರ, ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ಒಳಗೆ ಬಿದ್ದರೆ ತೆಗೆಯುವವರು ಬೇಕಲ್ಲ ಎಂದು ಬಚ್ಚಲುಮನೆಯ ಬಾಗಿಲಿನ ಚಿಲಕವನ್ನು ಕಿತ್ತರು. ಹದಿನೈದು, ಹದಿನಾರು, ಹದಿನೇಳು ವರ್ಷದ ನಾನು ಬಾಗಿಲಿಗೆ ಒಂದು ಕಾಲು ಅಡ್ಡ ಒತ್ತಿ ಹಿಡಿದು ಮೀಯುತ್ತಿದ್ದೆ. ಫಿಟ್ಸ್ ಬಂದದ್ದು ಆ ವರ್ಷಗಳಲ್ಲಿ ಮೂರು ಸಲ ಮಾತ್ರ; ಕೊನೆಯ ನಾಲ್ಕು ವರ್ಷ ಒಂದೂ ಇಲ್ಲ. ಚಿಲಕ ಮಾತ್ರ ಪುನಃ ಬರಲಿಲ್ಲ. ನಾನು ಸರಿಯಾದ ಮಾತು ಹೇಳಿದರೆ "ನೋಡಿ, ಎಷ್ಟು ಚಂದ ಹೇಳಿದಳು" ಎನ್ನುತ್ತಿದ್ದರು. ಸಿಟ್ಟು ಮಾಡಿದರೆ ಕಾಯಿಲೆ, ಸುಮ್ಮನಿದ್ದರೆ ಕಾಯಿಲೆ, ಓದುತ್ತಾ ಕೂತರೆ "ತಲೆಗೆ ಆಯಾಸ, ಪುಸ್ತಕ ಇಡು". ಕಾಗದ ಹೇಳಿದ ಹುಡುಗಿಯ ಒಳಗೆ ನನ್ನನ್ನು ಕೂರಿಸಿ ಹೊರಗಿನಿಂದ ಬಾಗಿಲು ಹಾಕಿದ್ದರು. ನನಗೂ ಒಮ್ಮೊಮ್ಮೆ ಸಂಶಯ ಬರುತ್ತಿತ್ತು, ನಿಜವಾಗಿಯೂ ಒಳಗೆ ಏನೋ ಕೆಟ್ಟಿರಬಹುದೇ ಎಂದು. ಎಡಗೈಯನ್ನು ಆಣೆಯ ಭಯಕ್ಕೆ ಮನೆಯೊಳಗೂ ಬಳಸುವುದು ಬಿಟ್ಟಿದ್ದೆ. ಮಲ್ಲಿಗೆ ಕಟ್ಟುವುದನ್ನೂ ಬಿಟ್ಟೆ.

ಅಕ್ಕನ ಮದುವೆ ಬೆಳ್ತಂಗಡಿಯ ಅದೇ ಮನೆಗೆ ಆಯಿತು. ಎರಡು ಮಕ್ಕಳೂ ಆದವು, ಎರಡೂ ಬಲಗೈಯ ಮಕ್ಕಳು. ಮಾವನಿಗೆ ಮುಪ್ಪು ಬಂತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ದಿನ ಬೆಳಿಗ್ಗೆ ಅಮ್ಮ ತಾನಾಗಿಯೇ "ಧರ್ಮಸ್ಥಳಕ್ಕೆ ಹೋಗಿ ಬರುವ, ಹೊರಡು" ಎಂದಳು. ನೇತ್ರಾವತಿಯಲ್ಲಿ ಮಿಂದು, ಒದ್ದೆ ಕೂದಲಲ್ಲೇ ಸಾಲಿನಲ್ಲಿ ನಿಂತು, ಇಬ್ಬರೂ ಸ್ವಾಮಿಯ ಎದುರು ಕೈಮುಗಿದೆವು. ಅಮ್ಮ ಏನು ಹೇಳಿಕೊಂಡಳೋ ನನಗೆ ಕೇಳಿಸಲಿಲ್ಲ. ಕಾಣಿಕೆ ಹಾಕಿದಳು. ಆಣೆ ಬಿಟ್ಟಿತು. ಮೂಡುಬಿದಿರೆಗೆ ಆ ಮೈಸೂರಿನಾಕೆ ಬರುವುದು ನಿಂತು ಆಗಲೇ ಐದು ವರ್ಷವಾಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಹಗುರವಾಗಿದ್ದಳು. ಉಜಿರೆ ದಾಟಿದ ಮೇಲೆ ಮಾತು ತೆಗೆದಳು.

"ಅವತ್ತು ಆ ಹೆಂಗಸು ಕೇಳಿದಾಗ ಎಡಗೈ ಅಂತ ನೀನು ಹೇಳಬಹುದಿತ್ತಲ್ಲ ಮಗಾ."

ನನಗೆ ಅರ್ಥವಾಗಲಿಲ್ಲ.

"ನಾನು ಅಣ್ಣನಿಗೆ ಮಾತು ಕೊಟ್ಟಿದ್ದೆ, ನನ್ನ ಬಾಯಲ್ಲಿ ಹೇಳುವ ಹಾಗೆ ಇರಲಿಲ್ಲ. ಅದಕ್ಕೇ ಅಲ್ವಾ ಅವಳನ್ನೇ ಕೇಳಿ ಅಂದದ್ದು? ನಿನ್ನ ಆಣೆ ಇದ್ದದ್ದು ಕೈಗೆ. ಬಾಯಿಗೆ ಇರಲಿಲ್ಲವಲ್ಲ."

ಅನ್ನ ಸ್ವಲ್ಪ ತಳ ಹಿಡಿಯಿತು ಎನ್ನುವ ಹಾಗೆ ಹೇಳಿದಳು, ದೂರುವ ದನಿಯಲ್ಲಿ ಅಲ್ಲ.

"ಆಮೇಲೆ ಯಾಕೆ ಹೇಳಲಿಲ್ಲ ನನಗೆ?" ಎಂದೆ.

"ನಿನಗೆ ಗೊತ್ತಾಗ್ತದೆ ಅಂತ ಗ್ರಹಿಸಿದ್ದೆ. ನೀನು ಅಷ್ಟು ಹುಷಾರು ಇದ್ದೆಯಲ್ಲ. ನೀನು ಬಲಗೈ ಅಂದ ಮೇಲೆ..." ಅಮ್ಮ ಕಿಟಕಿಯ ಹೊರಗೆ ನೋಡಿದಳು. "ಇಷ್ಟು ಸಣ್ಣದು ಕೂಡ ಇವಳಿಗೆ ಗೊತ್ತಾಗಲಿಲ್ಲವಲ್ಲ ಅಂತ ಆಯಿತು. ಕಾಗದದಲ್ಲಿ ಬರೆದದ್ದು ಸರಿಯೇ ಇರಬಹುದು ಅಂತ ನನಗೂ ಆಯಿತು."

ಬೆಳ್ತಂಗಡಿ ಬರುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹತ್ತಿತು. ಏಳು ವರ್ಷದಲ್ಲಿ ಅವಳು ಹಾಗೆ ಬಾಯಿ ತೆರೆದು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ತಲೆ ಜಾರಿ ನನ್ನ ಭುಜದ ಮೇಲೆ ಬಿತ್ತು. ಬಂಟ್ವಾಳದವರೆಗೂ ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಅವಳಿಗೆ ಎಚ್ಚರವಾಗುತ್ತಿತ್ತು, ಎಚ್ಚರವಾದರೆ ನಾನು ಏನಾದರೂ ಹೇಳಬೇಕಾಗುತ್ತಿತ್ತು.